ಅರಿಷಿಣಕ್ಕೆ ಸೀಸೆಯ ಸಸಿ: ಬೆಳೆಗಲ್ಲ, ಬೀಜಕ್ಕೆ

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲ್ಲೂಕುಗಳ ನೀರಾವರಿ ಹೊಲಗಳಲ್ಲಿ ಕಬ್ಬೇ ದೊರೆ. ಆದರೂ ಕಬ್ಬಿನ ಪಕ್ಕದ ಒಂದೆರಡು ಎಕರೆಯಲ್ಲಿ ಅರಿಷಿಣ ಹಾಕುವವರು ಇಲ್ಲಿ ಕಡಿಮೆಯೇನಿಲ್ಲ. ಕೃಷ್ಣೆ ಮತ್ತು ಘಟಪ್ರಭೆಯ ನೀರು, ಸಾರವುಳ್ಳ ಎರೆಮಣ್ಣು, ಗಡಿಯಾಚೆ ಹತ್ತಿರದಲ್ಲೇ ಇರುವ ಸಾಂಗಲಿಯ ಪೇಟೆ ಈ ಮೂರೂ ಕೂಡಿ ತೇರದಾಳ, ಮಹಾಲಿಂಗಪುರ ಸುತ್ತಿನ ಊರುಗಳಲ್ಲಿ ಅರಿಷಿಣವನ್ನು ನೆಲೆ ನಿಲ್ಲಿಸಿವೆ. ಕೇಂದ್ರ ಸರ್ಕಾರದ ಲೆಕ್ಕದಂತೆ 2022-23ರಲ್ಲಿ ದೇಶದ 3.24 ಲಕ್ಷ ಹೆಕ್ಟೇರಿನಲ್ಲಿ 11.61 ಲಕ್ಷ ಟನ್ ಅರಿಷಿಣ ಬೆಳೆಯಿತು. ಇದು ಜಗತ್ತಿನ ಒಟ್ಟು ಅರಿಷಿಣದ ಮುಕ್ಕಾಲು ಪಾಲಿಗಿಂತ ಹೆಚ್ಚು. ಮಹಾರಾಷ್ಟ್ರ, ತೆಲಂಗಾಣ, ತಮಿಳುನಾಡುಗಳ ಸಾಲಿನಲ್ಲಿ ಕರ್ನಾಟಕವೂ ನಿಂತಿದೆ. ಇಷ್ಟು ದೊಡ್ಡ ಬೆಳೆಯ ಬೀಜ ಮಾತ್ರ ಇವತ್ತಿಗೂ ಬಹುಮಟ್ಟಿಗೆ ಹೊಲದಿಂದ ಹೊಲಕ್ಕೆ, ಬಾಯಿಮಾತಿನ ಭರವಸೆಯ ಮೇಲೆ ಸಾಗುತ್ತದೆ. ಹೋದ ವರ್ಷದ ರಾಶಿಯಲ್ಲಿ ಒಂದಿಷ್ಟನ್ನು ತೆಗೆದಿಡುವುದು, ಸಾಲದಿದ್ದರೆ ನೆರೆಯ ಊರಿನಿಂದಲೋ ಗಡಿಯಾಚೆಯಿಂದಲೋ ತರುವುದು ಇಲ್ಲಿಯ ಪದ್ಧತಿ. ಜೋಳಕ್ಕೆ, ಗೋವಿನಜೋಳಕ್ಕೆ ಚೀಲದ ಮೇಲಿನ ಚೀಟಿ ಓದಿ ಬೀಜ ಕೊಳ್ಳುವ ರೈತ, ಎಕರೆಗೆ ಅದಕ್ಕಿಂತ ಎಷ್ಟೋ ಪಟ್ಟು ಹಣ ಸುರಿಯುವ ಅರಿಷಿಣದ ಬೀಜದಲ್ಲಿ ರೋಗ ಇದೆಯೋ ಇಲ್ಲವೋ ಎಂಬುದನ್ನು ಕಣ್ಣಂದಾಜಿನ ಮೇಲೆ ಬಿಡಬೇಕಾಗಿದೆ.

ಈ ಕೊರತೆಗೆ ಸಾಮಾನ್ಯವಾಗಿ ಕೇಳಿಬರುವ ಪರಿಹಾರ ಟಿಶ್ಯೂ ಕಲ್ಚರ್, ಅಂದರೆ ಗಿಡದ ತುಣುಕಿನಿಂದ ಸೀಸೆಯಲ್ಲಿ ಸಸಿ ಮಾಡುವ ಅಂಗಾಂಶ ಕೃಷಿ. ಬಾಳೆಯಲ್ಲಿ ಜಿ-9 ತಳಿಯ ಟಿಶ್ಯೂ ಸಸಿ ಬಂದು ಕಂದು ನೆಡುವ ಪದ್ಧತಿಯನ್ನೇ ಬದಿಗೆ ಸರಿಸಿದ್ದನ್ನು ಈ ಭಾಗದವರು ನೋಡಿದ್ದಾರೆ. ಕಬ್ಬಿನಲ್ಲಿ ಟಿಶ್ಯೂ ಸಸಿಯಿಂದ ಬೀಜದ ಪ್ಲಾಟ್ ಮಾಡುವುದೂ ಹೊಸತಲ್ಲ. ಹಾಗಾದರೆ ಅರಿಷಿಣಕ್ಕೂ ಅದನ್ನೇ ಯಾಕೆ ಮಾಡಬಾರದು ಎಂಬ ಪ್ರಶ್ನೆ ಸಹಜ. ಮಾಡಬಹುದು, ಮಾಡಬೇಕು ಕೂಡ. ಆದರೆ ಬಾಳೆಯ ದಾರಿಯಲ್ಲಿ ಅಲ್ಲ. ಪ್ರಯೋಗಾಲಯದಲ್ಲಿ ಹುಟ್ಟಿದ ಅರಿಷಿಣದ ಸಸಿಯನ್ನು ನೇರವಾಗಿ ರೈತನಿಗೆ ಬೆಳೆಯೆಂದು ಮಾರಲು ಹೊರಟರೆ ರೈತನೂ ಸೋಲುತ್ತಾನೆ, ತಂತ್ರಜ್ಞಾನಕ್ಕೂ ಕೆಟ್ಟ ಹೆಸರು ಬರುತ್ತದೆ. ಆ ಸಸಿ ಇರಬೇಕಾದ ಜಾಗ ಬೀಜದ ಸರಪಳಿಯ ತುತ್ತತುದಿಯಲ್ಲಿ. ರೈತನ ಕೈಗೆ ಬರಬೇಕಾದದ್ದು ಅದರ ಮೂರನೆಯ ಅಥವಾ ನಾಲ್ಕನೆಯ ವರ್ಷದ ಪೀಳಿಗೆ.

ಯಾಕೆ ಹೀಗೆ ಎಂಬುದು ಗಿಡದ ಸ್ವಭಾವದಿಂದಲೇ ಶುರುವಾಗುತ್ತದೆ. ಅರಿಷಿಣದ ಜೀವಕೋಶದಲ್ಲಿ 63 ವರ್ಣತಂತುಗಳಿವೆ, ಅಂದರೆ ಮೂರು ಗುಂಪು. ಹೂವಿನಲ್ಲಿ ಪರಾಗವೂ ಅಂಡವೂ ರೂಪುಗೊಳ್ಳುವಾಗ ವರ್ಣತಂತುಗಳು ಎರಡು ಸಮಪಾಲಾಗಿ ಬೇರೆಯಾಗಬೇಕು. ಮೂರು ಗುಂಪು ಇದ್ದಲ್ಲಿ ಈ ಪಾಲು ಸರಿಹೋಗುವುದಿಲ್ಲ. ಹಾಗಾಗಿ ಹೂ ಬಿಟ್ಟರೂ ಬೀಜ ಕಟ್ಟುವುದು ಅಪರೂಪ. ಪೂರಾ ಇಲ್ಲವೆಂದಲ್ಲ, ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಪ್ರಭಾ, ಪ್ರತಿಭಾ ತಳಿಗಳು ಹಾಗೆ ಅಪರೂಪಕ್ಕೆ ಸಿಕ್ಕ ಬೀಜದ ಸಸಿಗಳಿಂದಲೇ ಆಯ್ದವು. ಆದರೆ ಹೊಲದ ಮಟ್ಟಿಗೆ ಅರಿಷಿಣಕ್ಕೆ ಸಂತಾನ ಎಂದರೆ ಗಡ್ಡೆಯೇ. ತಾಯಿಗಡ್ಡೆಯನ್ನೋ ಕೊಂಬನ್ನೋ ನೆಟ್ಟರೆ ಅದರ ಕಣ್ಣು ಒಡೆದು ಹೊಸ ಗಿಡವಾಗುತ್ತದೆ. ತಲೆಮಾರುಗಳಿಂದ ಹೀಗೆ ಮುಂದುವರಿದಿರುವ ಸೇಲಂ ತಳಿಯ ಹೊಲವೆಂದರೆ ಒಂದೇ ಗಿಡದ ಲೆಕ್ಕವಿಲ್ಲದಷ್ಟು ತುಂಡುಗಳು.

ಗಡ್ಡೆಯೇ ಬೀಜವಾದಾಗ ಎರಡು ತೊಡಕುಗಳು ಜೊತೆಯಲ್ಲೇ ಬರುತ್ತವೆ. ಮೊದಲನೆಯದು ತೂಕ. ಶಿಫಾರಸಿನಂತೆ ಹೆಕ್ಟೇರಿಗೆ ಬೇಕಾದ ಬೀಜ 2,500 ಕಿಲೊ, ಎಕರೆಗೆ ಸರಿಸುಮಾರು 10 ಕ್ವಿಂಟಲ್. ಒಂದೆಕರೆಯಲ್ಲಿ 100 ಕ್ವಿಂಟಲ್ ಹಸಿ ಗಡ್ಡೆ ಬಂದರೆ ಅದರ ಹತ್ತನೆಯ ಒಂದು ಪಾಲು ಮತ್ತೆ ಮಣ್ಣಿಗೇ ಹೋಗಬೇಕು. ಫೆಬ್ರುವರಿ-ಮಾರ್ಚಿನಲ್ಲಿ ಕಿತ್ತದ್ದನ್ನು ಮೇ ತಿಂಗಳವರೆಗೆ, ಅಂದರೆ ಬಾಗಲಕೋಟೆ ಜಿಲ್ಲೆಯ ಉರಿಬಿಸಿಲಿನ ದಿನಗಳಲ್ಲಿ, ಒಣಗದಂತೆ ಕೊಳೆಯದಂತೆ ಕಾಪಾಡಬೇಕು. ಎರಡನೆಯದು ರೋಗ. ಗಡ್ಡೆ ಮಣ್ಣಿನೊಳಗೇ ಬೆಳೆಯುವ ಅಂಗವಾದ್ದರಿಂದ ಮಣ್ಣಿನ ಪೀಡೆಗಳೆಲ್ಲ ಅದಕ್ಕೆ ಅಂಟಿಕೊಂಡೇ ಬರುತ್ತವೆ. ಪಿಥಿಯಂ ಎಂಬ ಸೂಕ್ಷ್ಮಜೀವಿಯಿಂದ ಬರುವ ಗಡ್ಡೆ ಕೊಳೆ, ಗಡ್ಡೆಯ ಮೇಲೆ ಬಿಳಿ ಹುರುಪೆಯಂತೆ ಕೂತು ರಸ ಹೀರುವ ಶಲ್ಕ ಕೀಟ, ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಇವೆಲ್ಲ ಬೀಜದ ಚೀಲದಲ್ಲೇ ಊರೂರು ಸುತ್ತುತ್ತವೆ. ಹೊರಗೆ ಹಳದಿಯಾಗಿ ಗಟ್ಟಿಯಾಗಿ ಕಾಣುವ ಗಡ್ಡೆಯ ಒಳಗೆ ರೋಗ ಮಲಗಿರಬಹುದು. ಆಗಸ್ಟಿನಲ್ಲಿ ನೀರು ನಿಂತು ಬುಡ ಮೆತ್ತಗಾಗಿ, ಎಲೆ ಅಂಚಿನಿಂದ ಹಳದಿಗೆ ತಿರುಗಿದಾಗಲೇ ಅದು ಗೊತ್ತಾಗುವುದು. ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಮುಧೋಳ, ಜಮಖಂಡಿ ಕಡೆಯ ನದಿದಂಡೆಯ ಹೊಲಗಳು ಮುಳುಗಿದ್ದ 2019ರ ಆಗಸ್ಟಿನಂಥ ವರ್ಷದಲ್ಲಿ ಇಂಥ ರೋಗಕ್ಕೆ ಬೇರೆ ಆಹ್ವಾನವೇ ಬೇಡ.

ನಾಟಿಯ ವಸ್ತುವೇ ರೋಗ ಹೊತ್ತು ತಂದರೆ ಏನಾಗುತ್ತದೆ ಎಂಬುದಕ್ಕೆ ಈ ಜಿಲ್ಲೆ ಬೇರೆಡೆ ಉದಾಹರಣೆ ಹುಡುಕಬೇಕಿಲ್ಲ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ದಾಳಿಂಬೆ ತೋಟಗಳನ್ನು ದುಂಡಾಣು ಅಂಗಮಾರಿ ಹಾಳುಗೆಡವಿದಾಗ ಗಾಳಿ-ಮಳೆಯಷ್ಟೇ ಪಾಲು ಗೂಟಿ ಸಸಿಗಳದ್ದೂ ಇತ್ತು. ರೋಗದ ಗಿಡದ ಟೊಂಗೆಗೆ ಕಟ್ಟಿದ ಗೂಟಿ ಹೊಸ ತೋಟಕ್ಕೆ ರೋಗವನ್ನೂ ಕಟ್ಟಿಕೊಟ್ಟಿತು. ಆ ಪೆಟ್ಟು ತಿಂದ ಮೇಲೆಯೇ ದಾಳಿಂಬೆಯಲ್ಲಿ ಟಿಶ್ಯೂ ಸಸಿಗೆ ಬೇಡಿಕೆ ಬಂದದ್ದು. ಅರಿಷಿಣದಲ್ಲಿ ಹಾನಿ ಇಷ್ಟು ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಒಂದು ಮಡಿ, ಅಲ್ಲಿ ನಾಲ್ಕು ಸಾಲು ಎಂದು ಹರಿದು ಹಂಚಿಹೋಗುತ್ತದೆ. ಹಾಗಾಗಿಯೇ ಅದರ ಬಗ್ಗೆ ಗದ್ದಲವೂ ಕಡಿಮೆ.

ಇನ್ನು ಪ್ರಯೋಗಾಲಯದೊಳಗೆ ನಡೆಯುವುದೇನು? ಗಿಡದ ಯಾವುದೇ ಜೀವಂತ ಕೋಶದಲ್ಲಿ ಇಡೀ ಗಿಡವಾಗಬಲ್ಲ ಶಕ್ತಿ ಇರಬೇಕು ಎಂದು ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಹಾಬರ್‌ಲಾಂಟ್ ಎಂಬ ಸಸ್ಯವಿಜ್ಞಾನಿ 1902ರಲ್ಲಿ ವಾದಿಸಿದ. ಅದನ್ನು ಆತನಿಗೆ ಮಾಡಿ ತೋರಿಸಲಾಗಲಿಲ್ಲ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಸೇರಿ ಗಿಡದ ತುಣುಕಿಗೆ ಬೇಕಾದ ಲವಣಗಳ ಒಂದು ಪಾಕವನ್ನು ಪ್ರಕಟಿಸಿದ ಮೇಲೆ ಕೆಲಸ ಸಲೀಸಾಯಿತು. ಇವತ್ತಿಗೂ ಹೆಚ್ಚಿನ ಪ್ರಯೋಗಾಲಯಗಳ ಸೀಸೆಯಲ್ಲಿರುವುದು ಅದೇ ಪಾಕ: ಲವಣಗಳು, ವಿಟಮಿನ್, ಗಟ್ಟಿಯಾಗಲು ಅಗರ್, ಲೀಟರಿಗೆ 30 ಗ್ರಾಂ ಸಕ್ಕರೆ. ಮೊಳೆತ ಅರಿಷಿಣದ ಕಣ್ಣನ್ನು ಚೆನ್ನಾಗಿ ತೊಳೆದು, ಸೋಂಕುನಿವಾರಕದಲ್ಲಿ ಅದ್ದಿ, ಹೊರಗಿನ ಪದರಗಳನ್ನು ಒಂದೊಂದಾಗಿ ಬಿಡಿಸಿ, ಒಳಗಿನ ಕುಡಿಯನ್ನು ಆ ಪಾಕದ ಮೇಲೆ ಇಡುತ್ತಾರೆ. ಸೈಟೋಕೈನಿನ್ ಎಂಬ ಸಸ್ಯ ಚೋದಕ ಸೇರಿಸಿದರೆ ಒಂದು ಕುಡಿಯ ಬುಡದಲ್ಲಿ ಹಲವು ಕುಡಿಗಳು ಒಡೆಯುತ್ತವೆ. ತಿಂಗಳಿಗೊಮ್ಮೆ ಅವನ್ನು ಬಿಡಿಸಿ ಹೊಸ ಸೀಸೆಗೆ ಹಾಕಬೇಕು. ತಿಂಗಳಿಗೆ ನಾಲ್ಕು ಪಟ್ಟು ಎಂದು ಹಿಡಿದರೂ ಆರು ತಿಂಗಳಲ್ಲಿ ಒಂದು ಕುಡಿಯಿಂದ ಕಾಗದದ ಮೇಲೆ ನಾಲ್ಕು ಸಾವಿರ ದಾಟುತ್ತದೆ. ನಿಜದಲ್ಲಿ ಅಷ್ಟು ಸಿಗುವುದಿಲ್ಲ. ನೆಲದೊಳಗಿನ ಅಂಗದಿಂದ ತೆಗೆದ ಕುಡಿಯಾದ್ದರಿಂದ ಬೂಷ್ಟು, ಬ್ಯಾಕ್ಟೀರಿಯಾ ಹತ್ತಿ ಮೊದಮೊದಲು ಬಹಳಷ್ಟು ಸೀಸೆಗಳನ್ನು ಎಸೆಯಬೇಕಾಗುತ್ತದೆ. ಒಂದು ಅನುಕೂಲವೂ ಇದೆ: ಅರಿಷಿಣದ ಕುಡಿ ಬೇರು ಬಿಡಲು ಹೆಚ್ಚು ಸತಾಯಿಸುವುದಿಲ್ಲ, ಹೊರಗಿನ ಗಾಳಿಗೆ ಒಗ್ಗಿಸಿದಾಗ ಬದುಕುವುದೂ ಚೆನ್ನಾಗಿಯೇ.

ಇದೆಲ್ಲ ಹೊಸ ಸುದ್ದಿಯೇ ಅಲ್ಲ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಾಡಗೌಡ, ಮಸ್ಕರೇನ್ಹಸ್ ಮತ್ತು ಸಂಗಡಿಗರು ಅರಿಷಿಣವನ್ನು ಸೀಸೆಯಲ್ಲಿ ವೇಗವಾಗಿ ಹೆಚ್ಚಿಸುವ ಬಗೆಯನ್ನು ಪ್ರಕಟಿಸಿದ್ದು 1978ರಲ್ಲಿ. ಇದೇ ಗುಂಪು 1990ರಲ್ಲಿ ಬಿದಿರನ್ನು ಸೀಸೆಯೊಳಗೇ ಹೂ ಬಿಡಿಸಿ ಜಗತ್ತಿನ ಗಮನ ಸೆಳೆಯಿತು. ಆಮೇಲೆ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ, ಕೋಳಿಕ್ಕೋಡಿನ ಸಂಸ್ಥೆ, ಇನ್ನೂ ಎಷ್ಟೋ ವಿಶ್ವವಿದ್ಯಾಲಯಗಳು ಅರಿಷಿಣದ ಮೇಲೆ ಕೆಲಸ ಮಾಡಿವೆ. ಸಕ್ಕರೆಯನ್ನು ಲೀಟರಿಗೆ 60ರಿಂದ 90 ಗ್ರಾಂವರೆಗೆ ಏರಿಸಿದರೆ ಸೀಸೆಯೊಳಗೇ ಸಣ್ಣ ಗಡ್ಡೆಗಳು ಕಟ್ಟುತ್ತವೆ ಎಂಬುದನ್ನೂ ತೋರಿಸಿದ್ದಾರೆ. ಹಾಗಿರುವಾಗ ಸುಮಾರು ಅರ್ಧ ಶತಮಾನದ ನಂತರವೂ ಅದು ರೈತನ ಹೊಲಕ್ಕೆ ಬಾಳೆಯಷ್ಟು ಬಂದಿಲ್ಲ ಏಕೆ? ವಿಜ್ಞಾನಿಗಳ ಉದಾಸೀನ, ಸರ್ಕಾರದ ನಿರ್ಲಕ್ಷ್ಯ ಎಂದು ಬೈದು ಮುಗಿಸುವುದು ಸುಲಭ. ಕಾರಣ ಅದಕ್ಕಿಂತ ಸರಳವಾಗಿ ಲೆಕ್ಕದಲ್ಲಿದೆ.

ಬಾಳೆಯನ್ನು ಆರು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 1,200 ಸಸಿ ಸಾಕು. ಒಂದೊಂದೂ ಒಂದು ಗೊನೆ ಕೊಡುತ್ತದೆ, ಸಸಿಯ ಬೆಲೆ ಆ ಗೊನೆಯ ಮುಂದೆ ಏನೂ ಅಲ್ಲ. ಅರಿಷಿಣವನ್ನು ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಬಿಟ್ಟು ನೆಟ್ಟರೆ ಎಕರೆಗೆ 45,000 ಗಿಡ ಬೇಕು. ಸಸಿಗೆ ಹತ್ತೇ ರೂಪಾಯಿ ಎಂದುಕೊಳ್ಳೋಣ. ನಾಲ್ಕೂವರೆ ಲಕ್ಷ ರೂಪಾಯಿ ಆಯಿತು. ಬೀಜದ ಗಡ್ಡೆ ಕ್ವಿಂಟಲಿಗೆ ನಾಲ್ಕು ಸಾವಿರವೆಂದರೆ ಹತ್ತು ಕ್ವಿಂಟಲಿಗೆ ನಲವತ್ತು ಸಾವಿರ. ಎರಡರ ನಡುವೆ ಹನ್ನೊಂದು ಪಟ್ಟಿನ ಅಂತರ. ಪ್ರಯೋಗಾಲಯಕ್ಕೆ ಎಷ್ಟೇ ಸಬ್ಸಿಡಿ ಕೊಟ್ಟರೂ ಈ ಅಂತರ ತುಂಬುವುದಿಲ್ಲ.

ಹಣವೊಂದೇ ಅಡ್ಡಿಯಲ್ಲ. ಸೀಸೆಯಿಂದ ಬಂದ ಸಸಿಗೆ ಬೆನ್ನಿಗೆ ಗಡ್ಡೆಯಿಲ್ಲ. ಹತ್ತಾರು ಗ್ರಾಂ ತೂಗುವ ಬೀಜದ ಗಡ್ಡೆ ಮೊದಲ ಕೆಲವು ವಾರ ಮೊಳಕೆಗೆ ಊಟ ಹಾಕುತ್ತದೆ. ಟಿಶ್ಯೂ ಸಸಿ ಆ ಬುತ್ತಿಯಿಲ್ಲದೆ, ಎಳೆ ಬೇರುಗಳ ಬಲದ ಮೇಲೆಯೇ ಎದ್ದು ನಿಲ್ಲಬೇಕು. ಅರಿಷಿಣದ ಹತ್ತಿರದ ಸಂಬಂಧಿ ಶುಂಠಿಯ ಮೇಲೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಸ್ಮಿತ್ ಮತ್ತು ಹ್ಯಾಮಿಲ್ ನಡೆಸಿ 1996ರಲ್ಲಿ ಪ್ರಕಟಿಸಿದ ಹೊಲದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಸೀಸೆಯಿಂದ ನೇರ ಬಂದ ಮೊದಲ ಪೀಳಿಗೆಯಲ್ಲಿ ಇಳುವರಿ ಗಣನೀಯವಾಗಿ ಇಳಿಯಿತು, ಗಡ್ಡೆಯ ತುಂಡುಗಳು ಸಣ್ಣವಾದವು, ಬೇರು ಹೆಚ್ಚಾಯಿತು. ಆ ಸಣ್ಣ ಗಡ್ಡೆಗಳನ್ನೇ ಬೀಜವಾಗಿ ನೆಟ್ಟ ಎರಡನೆಯ ಪೀಳಿಗೆಯಲ್ಲಿ ಒಟ್ಟು ಇಳುವರಿ ಸಾಮಾನ್ಯ ಶುಂಠಿಯ ಸಮಕ್ಕೆ ಬಂತು. ಕೋಳಿಕ್ಕೋಡಿನವರ ಅನುಭವವೂ ಇದೇ: ಟಿಶ್ಯೂ ಶುಂಠಿ ಸರಿಯಾದ ಗಾತ್ರದ ಬೀಜದ ಗಡ್ಡೆ ಕೊಡಲು ಕನಿಷ್ಠ ಎರಡು ಹಂಗಾಮು ಬೇಕು. ಮೊದಲ ವರ್ಷವೇ ಸಾಂಗಲಿಗೆ ಕೊಂಬು ಕಳಿಸುವ ಆಸೆಯಿಂದ ಟಿಶ್ಯೂ ಸಸಿ ಕೊಳ್ಳುವವನಿಗೆ ಈ ಫಲಿತಾಂಶ ಕಹಿ. ಬೀಜ ಮಾಡುವವನಿಗೆ ಮಾತ್ರ ಇದರಿಂದ ಯಾವ ನಷ್ಟವೂ ಇಲ್ಲ. ಅವನಿಗೆ ಬೇಕಾದದ್ದು ಗಾತ್ರವಲ್ಲ, ಶುದ್ಧಿ.

ಇಲ್ಲಿ ಎರಡನೆಯ ತಂತ್ರವೊಂದು ಜೊತೆಗೂಡಬೇಕು. ಅದು ಪ್ರಯೋಗಾಲಯದ್ದಲ್ಲ, ನರ್ಸರಿಯದ್ದು. ಗಡ್ಡೆಯನ್ನು ಇಡಿಯಾಗಿ ನೆಡುವ ಬದಲು ಒಂದೊಂದು ಕಣ್ಣಿರುವಂತೆ 5ರಿಂದ 7 ಗ್ರಾಂನ ತುಂಡುಗಳಾಗಿ ಕತ್ತರಿಸಿ, ಔಷಧಿಯಲ್ಲಿ ಅದ್ದಿ, ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ ತುಂಬಿದ ಟ್ರೇಯಲ್ಲಿ ನೆಟ್ಟು, ಶೇಡ್ ನೆಟ್ಟಿನ ಕೆಳಗೆ ತಿಂಗಳೊಪ್ಪತ್ತು ಬೆಳೆಸಿ ಹೊಲಕ್ಕೆ ಹಚ್ಚುವ ವಿಧಾನವನ್ನು ಕೋಳಿಕ್ಕೋಡಿನ ಸಂಸ್ಥೆ ರೂಪಿಸಿದೆ. ಇಳುವರಿ ಮಾಮೂಲಿ ನಾಟಿಗೆ ಸಮನಾಗಿಯೇ ಬರುತ್ತದೆ ಎಂಬುದು ಅವರ ವರದಿ. 45,000 ಗಿಡಕ್ಕೆ ತಲಾ 6 ಗ್ರಾಂನಂತೆ ಎಕರೆಗೆ ಬೇಕಾಗುವ ಬೀಜ 270 ಕಿಲೊ. ಹತ್ತು ಕ್ವಿಂಟಲಿನ ಜಾಗದಲ್ಲಿ ಮೂರು ಕ್ವಿಂಟಲಿಗೂ ಕಡಿಮೆ. ಟ್ರೇಯಲ್ಲೇ ಸೊರಗಿದ್ದನ್ನು ಆರಿಸಿ ಎಸೆಯಬಹುದಾದ್ದರಿಂದ ಹೊಲಕ್ಕೆ ಹೋಗುವುದು ಗಟ್ಟಿ ಸಸಿ ಮಾತ್ರ. ಈ ಸೀಮೆಯ ರೈತರಿಗೆ ಇದನ್ನು ಹೊಸದಾಗಿ ಕಲಿಸುವ ಅಗತ್ಯವೂ ಹೆಚ್ಚಿಲ್ಲ. ಒಂದೇ ಕಣ್ಣಿನ ಕಬ್ಬಿನ ಅಗಿಯನ್ನು ಟ್ರೇಯಲ್ಲಿ ಬೆಳೆಸಿ ಮಾರುವ ನರ್ಸರಿಗಳು ಬೆಳಗಾವಿ-ಬಾಗಲಕೋಟೆ ಜಿಲ್ಲೆಗಳಲ್ಲಿ ಈಗ ಸಾಮಾನ್ಯ. ಅದೇ ಟ್ರೇ, ಅದೇ ನೆರಳು, ಅದೇ ಕೈಗಳು. ಬದಲಾಗುವುದು ಕಣ್ಣು ಮಾತ್ರ.

ಈಗ ಎರಡನ್ನೂ ಜೋಡಿಸಿ ಲೆಕ್ಕ ಹಾಕೋಣ. ಪ್ರಯೋಗಾಲಯದಿಂದ 1,000 ಸಸಿ ತಂದೆವು ಎನ್ನಿ. ಸಸಿಗೆ ಹತ್ತರ ಬದಲು ಇಪ್ಪತ್ತು ರೂಪಾಯಿ ಕೊಟ್ಟರೂ ಇಪ್ಪತ್ತು ಸಾವಿರ. ಮೊದಲ ವರ್ಷ ಗಿಡಕ್ಕೆ 150 ಗ್ರಾಂ ಗಡ್ಡೆ ಬಂದರೆ 150 ಕಿಲೊ. ಅದರಲ್ಲಿ ಅರ್ಧವನ್ನು ಕೆಲಸಕ್ಕೆ ಬಾರದ್ದೆಂದು ತೆಗೆದುಹಾಕಿ ಉಳಿದ 75 ಕಿಲೊವನ್ನು 6 ಗ್ರಾಂನ ಕಣ್ಣುಗಳಾಗಿ ಕತ್ತರಿಸಿದರೆ 12,500 ಸಸಿ, ಅಂದರೆ ಎರಡನೆಯ ವರ್ಷ 11 ಗುಂಟೆ. ಎಕರೆಗೆ 100 ಕ್ವಿಂಟಲಿನ ಲೆಕ್ಕದಲ್ಲಿ ಅಲ್ಲಿಂದ 27 ಕ್ವಿಂಟಲ್. ಮತ್ತೆ ಅರ್ಧ ತೆಗೆದರೆ ಮೂರನೆಯ ವರ್ಷಕ್ಕೆ 5 ಎಕರೆ. ಅಲ್ಲಿಂದ 500 ಕ್ವಿಂಟಲ್, ಅರ್ಧವೇ ಬೀಜವೆಂದರೂ ನಾಲ್ಕನೆಯ ವರ್ಷಕ್ಕೆ 90 ಎಕರೆ ದಾಟುತ್ತದೆ. ಇದೇ 1,000 ಸಸಿಯಿಂದ ಹೊರಟು ಟ್ರೇ ಬಿಟ್ಟು ಹಳೆಯ ಪದ್ಧತಿಯಂತೆ ಎಕರೆಗೆ ಹತ್ತು ಕ್ವಿಂಟಲ್ ಸುರಿದರೆ ಎರಡನೆಯ ವರ್ಷ 3 ಗುಂಟೆ, ಮೂರನೆಯ ವರ್ಷ 15 ಗುಂಟೆ, ನಾಲ್ಕನೆಯ ವರ್ಷ ಎರಡು ಎಕರೆಗೂ ಕಡಿಮೆ. ಹಿಡಿದ ಅಂಕಿಗಳು ಹೆಚ್ಚುಕಡಿಮೆ ಆಗಬಹುದು. 90 ಎಕರೆ 40ಕ್ಕೆ ಇಳಿಯಬಹುದು. ಆಗಲೂ ನಲವತ್ತಕ್ಕೂ ಎರಡಕ್ಕೂ ಇರುವ ದೂರ ಕಡಿಮೆಯದಲ್ಲ. ಸೀಸೆಯ ಖರ್ಚು ನಾಲ್ಕು ವರ್ಷಗಳಲ್ಲಿ ಇಷ್ಟು ಎಕರೆಗಳ ಮೇಲೆ ಹರಡಿಕೊಂಡಾಗ ಎಕರೆಗೆ ಬೀಳುವುದು ಕೆಲವೇ ನೂರು ರೂಪಾಯಿ.

ಕರ್ನಾಟಕದಲ್ಲಿ ಇಂಥದ್ದು ನಡೆದೇ ಇಲ್ಲವೆನ್ನುವಂತಿಲ್ಲ. ಹಾಸನದ ಆಲೂಗಡ್ಡೆ ಬೆಳೆಗಾರರು ವರ್ಷವರ್ಷವೂ ಪಂಜಾಬಿನ ಜಲಂಧರದ ಬೀಜಕ್ಕೆ ಕಾಯುತ್ತಿದ್ದವರು. ಅಲ್ಲಿ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಮತ್ತು ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಸೇರಿ, ಟಿಶ್ಯೂ ಸಸಿಗಳನ್ನು ತಾಯಿಗಿಡಗಳಾಗಿ ಇಟ್ಟುಕೊಂಡು ಅವುಗಳ ಕುಡಿ ಚಿವುಟಿ ಬೇರು ಬರಿಸಿ ಸಸಿ ಮಾಡುವ ವಿಧಾನವನ್ನು ಪರಿಚಯಿಸಿದವು. ರೈತ ಆ ಸಸಿ ನೆಟ್ಟು ಬಂದ ಗಡ್ಡೆಯನ್ನು ಬೀಜವಾಗಿ ಬಳಸುತ್ತಾನೆ. ಪ್ರಯೋಗಾಲಯ ಮಾಡಿದ್ದು ಆರಂಭ ಮಾತ್ರ, ಹೆಚ್ಚಳ ಮಾಡಿದ್ದು ನರ್ಸರಿ ಮತ್ತು ಹೊಲ. ಆಫ್ರಿಕಾದ ನೈಜೀರಿಯಾದಲ್ಲಿ ಹೆಗ್ಗೆಣಸಿಗೆ ಬೀಜದ ಗಡ್ಡೆಯ ಖರ್ಚೇ ಹೊರೆಯಾದಾಗ ಅಲ್ಲಿಯವರು ಗಡ್ಡೆಯನ್ನು ಸುಮಾರು 25 ಗ್ರಾಂನ ಸಣ್ಣ ತುಂಡುಗಳಾಗಿ ಕತ್ತರಿಸಿ ಮೊಳೆಸುವ ದಾರಿ ಹಿಡಿದರು, ಮುಂದೆ ಶುದ್ಧ ಸಸಿಗಳಿಗಾಗಿ ಟಿಶ್ಯೂ ಕಲ್ಚರನ್ನು ಅದರ ತಲೆಯ ಮೇಲೆ ಜೋಡಿಸಿದರು. ಬಾಗಲಕೋಟೆಯಲ್ಲಿ 2008ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಹಾಸನದ ಆಲೂಗಡ್ಡೆಗೆ ಮಾಡಿದ್ದನ್ನು ತನ್ನ ಮನೆಯಂಗಳದ ಅರಿಷಿಣಕ್ಕೆ ಮಾಡಬೇಕು ಎಂದು ಕೇಳುವುದರಲ್ಲಿ ಅತಿಯಾಸೆಯೇನೂ ಇಲ್ಲ. ಮಹಾಲಿಂಗಪುರದ ಬಳಿ ಸಮೀರವಾಡಿಯಲ್ಲಿ ಕಬ್ಬಿನ ಟಿಶ್ಯೂ ಕಲ್ಚರ್ ಬಲ್ಲ ಸೋಮೈಯಾ ಕೃಷಿ ಸಂಶೋಧನಾ ಸಂಸ್ಥೆಯೂ ಇದೆ. ಕಟ್ಟಡ, ಕೈಚಳಕ ಎರಡಕ್ಕೂ ದೂರ ಹೋಗಬೇಕಾಗಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ಅವುಗಳಲ್ಲಿ ತೂಕದ್ದು ಮಣ್ಣಿನ ಬಗೆಗಿನದು: ಪಿಥಿಯಂ ಇರುವುದು ಮಣ್ಣಿನಲ್ಲಿ, ಶುದ್ಧ ಬೀಜವನ್ನು ರೋಗದ ಹೊಲಕ್ಕೆ ಹಾಕಿದರೆ ಮೊದಲ ಮಳೆಗೇ ಕೊಳೆಯುವುದಿಲ್ಲವೇ? ಕೊಳೆಯುತ್ತದೆ. ಟಿಶ್ಯೂ ಸಸಿಗೆ ರೋಗ ಇರುವುದಿಲ್ಲ, ಆದರೆ ರೋಗ ತಡೆಯುವ ಶಕ್ತಿಯೂ ಅದರಿಂದ ಬರುವುದಿಲ್ಲ. ಇವೆರಡನ್ನೂ ಒಂದೇ ಎಂದು ಹೇಳಿ ಸಸಿ ಮಾರುವವರಿದ್ದರೆ ಅವರನ್ನು ನಂಬಬಾರದು. ಪಿಥಿಯಂನ ದಪ್ಪಗೋಡೆಯ ಬೀಜಕಣಗಳು ಬೆಳೆಯಿಲ್ಲದೆಯೂ ಮಣ್ಣಿನಲ್ಲಿ ಬಹುಕಾಲ ಬದುಕುತ್ತವೆ. ನೀರು ನಿಲ್ಲುವ ಎರೆಹೊಲ, ಕಾಲುವೆ ನೀರನ್ನು ಹರಿಬಿಟ್ಟು ಸವಳು-ಜವಳಾದ ಭೂಮಿ ಅವಕ್ಕೆ ತವರು. ಹಾಗಾಗಿ ಎತ್ತರದ ಬೋದು, ಹನಿ ನೀರಾವರಿ, ಬಸಿಗಾಲುವೆ, ಅರಿಷಿಣದ ಮೇಲೆ ಅರಿಷಿಣ ಹಾಕದ ಬೆಳೆ ಸರದಿ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ಗೊಬ್ಬರ ಇವು ಯಾವುದನ್ನೂ ಶುದ್ಧ ಬೀಜ ತಪ್ಪಿಸುವುದಿಲ್ಲ. ಆದರೆ ವಾದವನ್ನು ತಿರುಗಿಸಿಯೂ ನೋಡಬೇಕು. ಇಷ್ಟೆಲ್ಲ ಮಾಡಿ ಹದಗೊಳಿಸಿದ ಹೊಲಕ್ಕೆ, ಇಲ್ಲವೇ ಇದುವರೆಗೆ ಅರಿಷಿಣವನ್ನೇ ಕಾಣದ ಹೊಲಕ್ಕೆ, ಹತ್ತು ಕ್ವಿಂಟಲ್ ರೋಗದ ಗಡ್ಡೆ ತಂದು ಹುಗಿದರೆ ಆ ಶ್ರಮವೆಲ್ಲ ವ್ಯರ್ಥ. ಮಣ್ಣು, ಬೀಜ ಎರಡೂ ರೋಗದ ಬಾಗಿಲುಗಳೇ. ಬೀಜದ ಬಾಗಿಲು ಮುಚ್ಚುವುದು ಅಗ್ಗ. ಮಣ್ಣಿನದು ದುಬಾರಿ, ನಿಧಾನ.

ತಳಿ ಕೆಟ್ಟುಹೋಗುತ್ತದೆ ಎಂಬುದು ಇನ್ನೊಂದು ಅಂಜಿಕೆ. ಅದು ಪೂರ್ತಿ ಕಲ್ಪನೆಯಲ್ಲ. ಅಂಗಾಂಶ ಕೃಷಿಯಲ್ಲಿ ಎರಡು ದಾರಿಗಳಿವೆ. ಎಲೆಯ ಬುಡದಂಥ ಭಾಗದಿಂದ ಮೊದಲು ಆಕಾರವಿಲ್ಲದ ಕೋಶಗಳ ಮುದ್ದೆ ಮಾಡಿ, ಆ ಮುದ್ದೆಯಿಂದ ಗಿಡ ಎಬ್ಬಿಸುವುದು ಒಂದು. ಕುಡಿಯಿಂದ ನೇರವಾಗಿ ಕುಡಿ ಒಡೆಸುವುದು ಇನ್ನೊಂದು. ಭಾಭಾ ಕೇಂದ್ರದ ಸಾಲ್ವಿ, ಜಾರ್ಜ್, ಈಪೆನ್ ಅವರು 2001-02ರಲ್ಲಿ ಎರಡನ್ನೂ ಪ್ರಕಟಿಸಿದರು: ಮುದ್ದೆಯಿಂದ ಬಂದ ಅರಿಷಿಣದ ಗಿಡಗಳ ಡಿಎನ್‌ಎಯಲ್ಲಿ ವ್ಯತ್ಯಾಸ ಕಂಡಿತು, ಕುಡಿಯಿಂದ ಬಂದವು ತಾಯಿಯಂತೆಯೇ ಇದ್ದವು. ಬೀಜಕ್ಕಾಗಿ ಸಸಿ ಮಾಡುವ ಪ್ರಯೋಗಾಲಯ ಕುಡಿಯ ದಾರಿಯನ್ನೇ ಹಿಡಿಯಬೇಕು, ಒಂದೇ ಕುಡಿಯ ಸಂತತಿಯನ್ನು ಮಿತಿಮೀರಿದಷ್ಟು ಸಲ ಬಿಡಿಸಿ ಹೊಸ ಸೀಸೆಗೆ ಹಾಕಬಾರದು. ಟಿಶ್ಯೂ ಸಸಿಗಳಿಗೆ 2006ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಶುರುಮಾಡಿದ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ಇದೆ. ಅದರ ಮಾನ್ಯತೆ ಇರುವ ಪ್ರಯೋಗಾಲಯದಿಂದಲೇ ತಾಯಿ ಸಸಿ ತರುತ್ತೇವೆ ಎಂಬ ಷರತ್ತನ್ನು ಕೊಳ್ಳುವವರೇ ಹಾಕಬೇಕು. ಮೊದಲ ವರ್ಷದ ಸಸಿಗಳು ಸಾವಿರದಷ್ಟೇ ಇರುವುದರಿಂದ ಎಲೆ, ಬಣ್ಣ, ಗಡ್ಡೆಯಲ್ಲಿ ಬೇರೆಯಾಗಿ ಕಂಡದ್ದನ್ನು ಕಿತ್ತೆಸೆಯುವುದು ಕಷ್ಟವಲ್ಲ. 45,000 ಗಿಡಗಳ ಹೊಲದಲ್ಲಿ ಆ ಕೆಲಸ ಆಗುವುದಿಲ್ಲ. ಸರಪಳಿಯ ತುದಿಯಲ್ಲಿ ಸಸಿ ಇರಬೇಕೆನ್ನಲು ಇದೂ ಒಂದು ಕಾರಣ.

ಟಿಶ್ಯೂವೇ ಬೇಡ, ಒಳ್ಳೆಯ ಹೊಲದ ಒಳ್ಳೆಯ ಗಡ್ಡೆ ಆರಿಸಿ ಟ್ರೇಯಲ್ಲಿ ಅಗಿ ಮಾಡಿದರೆ ಸಾಲದೇ ಎಂದು ಕೇಳಬಹುದು. ರೋಗವಿಲ್ಲದ ಹೊಲ, ಬೇಕಾದ ತಳಿ ಎರಡೂ ಕೈಯಲ್ಲಿದ್ದವರಿಗೆ ಖಂಡಿತ ಸಾಕು, ಅವರು ಇವತ್ತೇ ಶುರುಮಾಡಬಹುದು. ಪ್ರಯೋಗಾಲಯದ ಅಗತ್ಯ ಬೀಳುವುದು ಇವೆರಡರಲ್ಲಿ ಒಂದು ಇಲ್ಲದಾಗ. ಉದಾಹರಣೆಗೆ 180 ದಿನಕ್ಕೆ ಬರುವ ಪ್ರಗತಿಯಂಥ ಹೊಸ ತಳಿ. ನದಿ ಉಕ್ಕುವ ಸೀಮೆಯಲ್ಲಿ, ಅರಿಷಿಣ ಕಿತ್ತು ಹಿಂಗಾರಿನ ಇನ್ನೊಂದು ಬೆಳೆ ತೆಗೆಯಬಯಸುವವರಿಗೆ ಅದರ ಮೇಲೆ ಆಸೆ ಇರುವುದು ಸಹಜ. ಆದರೆ ಅದರ ಬೀಜ ದೂರದಿಂದ ಕೆಲವೇ ಕಿಲೊ ಬರುತ್ತದೆ. ಹೊಲದ ಲೆಕ್ಕದಲ್ಲಿ ಒಂದು ಹಂಗಾಮಿಗೆ ಹತ್ತು ಪಟ್ಟು ಹೆಚ್ಚಿಸುತ್ತ ಕೂತರೆ ತಾಲ್ಲೂಕಿಗೆ ತಲುಪಲು ಹಲವು ವರ್ಷ. ಅಷ್ಟರಲ್ಲಿ ಚೀಲಗಳ ಜೊತೆ ಪರವೂರಿನ ಶಲ್ಕ ಕೀಟ, ಜಂತುಹುಳುಗಳೂ ಬಂದಿರುತ್ತವೆ. ಸೀಸೆಯಲ್ಲಿ ತಳಿ ಬಂದರೆ ತಳಿ ಮಾತ್ರ ಬರುತ್ತದೆ.

ಕಂಪನಿಗಳ ಕೈಗೆ ರೈತ ಸಿಕ್ಕಿಬೀಳುತ್ತಾನೆ ಎಂಬ ಮಾತು ಹೈಬ್ರಿಡ್ ಬೀಜದ ಅನುಭವದಿಂದ ಬಂದದ್ದು. ಇಲ್ಲಿ ಅದು ಅಷ್ಟಾಗಿ ಸಲ್ಲುವುದಿಲ್ಲ. ಹೈಬ್ರಿಡ್ ಗೋವಿನಜೋಳದ ಕಾಳು ಮತ್ತೆ ಬಿತ್ತಿದರೆ ಗುಣ ಚದುರುತ್ತದೆ. ಅರಿಷಿಣದ ಗಡ್ಡೆ ಮತ್ತೆ ನೆಟ್ಟರೆ ಅದೇ ಅರಿಷಿಣ. ಹೊಲದಲ್ಲಿ ರೋಗ ಮತ್ತೆ ಸೇರುವವರೆಗೆ ರೈತ ತನ್ನ ಬೀಜವನ್ನೇ ಇಟ್ಟುಕೊಳ್ಳಬಹುದು; ಆಮೇಲೆ ಸರಪಳಿಯ ಮೇಲಿನ ಕೊಂಡಿಯಿಂದ ಹೊಸದು ತಂದರಾಯಿತು. ಅಪಾಯ ಇರುವುದು ಬೇರೆಡೆ. ಎರಡನೆಯ, ಮೂರನೆಯ ವರ್ಷದ ಪ್ಲಾಟುಗಳನ್ನು ಯಾರು ಮಾಡುತ್ತಾರೆ? ಅರಿಷಿಣದ ದರ ಏರಿದ ವರ್ಷ ಬೀಜದ ಗಡ್ಡೆಯನ್ನೂ ಕುದಿಸಿ ಪೇಟೆಗೆ ಕಳಿಸುವ ಆಸೆ ಯಾರಿಗಾದರೂ ಬರುತ್ತದೆ, ದರ ಬಿದ್ದ ವರ್ಷ ಬೀಜ ಕೇಳುವವರಿಲ್ಲ. ಈ ಏರಿಳಿತವನ್ನು ಒಬ್ಬ ರೈತ ಹೊರಲಾರ. ಮುಂಗಡ ಕೊಟ್ಟು ಬೀಜ ಬೆಳೆಸುವ ರೈತ ಉತ್ಪಾದಕ ಕಂಪನಿ ಇಲ್ಲವೇ ಸಹಕಾರ ಸಂಘವೊಂದು ನಡುವೆ ನಿಲ್ಲದಿದ್ದರೆ ಸೀಸೆಯ ಸಸಿ ಪ್ರಾತ್ಯಕ್ಷಿಕೆಯ ತಾಕಿನಲ್ಲೇ ಉಳಿಯುತ್ತದೆ. 2023ರಲ್ಲಿ ಘೋಷಣೆಯಾಗಿ 2025ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ಕೆಲಸ ಶುರುಮಾಡಿದ ರಾಷ್ಟ್ರೀಯ ಅರಿಷಿಣ ಮಂಡಳಿ ರಫ್ತಿನ ಮಾತಿನ ಜೊತೆ ಬೀಜದ ಈ ನಡುಗೊಂಡಿಗೂ ಹಣ ಇಡುವುದು ಒಳ್ಳೆಯದು.

ಪ್ಲಾಟು ಎಲ್ಲಿ ಎಂಬುದರಲ್ಲೂ ಈ ಸೀಮೆಗೆ ಒಂದು ಅನುಕೂಲವಿದೆ. ರಬಕವಿ-ಬನಹಟ್ಟಿ, ಜಮಖಂಡಿ ಸುತ್ತಿನ ಹಳೆಯ ಅರಿಷಿಣದ ನೆಲದಲ್ಲಿ ತಾಯಿ ಪ್ಲಾಟು ಮಾಡುವುದು ಜಾಣತನವಲ್ಲ. ಅರಿಷಿಣ, ಶುಂಠಿ ಎಂದೂ ಬೆಳೆಯದ, ನೀರು ಬಸಿದುಹೋಗುವ ಮಸಾರಿ ಹೊಲಗಳು ಬೀಳಗಿ ಕಡೆ ಹುಡುಕಿದರೆ ಸಿಗುತ್ತವೆ; ಮೊದಲ ಎರಡು ಪೀಳಿಗೆಗೆ ಬೇಕಾದದ್ದು ಹೆಚ್ಚೆಂದರೆ ಅರ್ಧ ಎಕರೆ. ಮೂರನೆಯ ವರ್ಷದ ಐದೆಕರೆ ಮುಧೋಳದ ಕಬ್ಬಿನ ಕೂಳೆ ತೆಗೆದ ಹೊಲದಲ್ಲಿ ಆಗಬಹುದು, ಅದಕ್ಕೆ ಅಗಿ ಮಾಡಿಕೊಡಲು ಕಬ್ಬಿನ ನರ್ಸರಿಗಳಿಗೆ ಏಪ್ರಿಲ್-ಮೇ ತಿಂಗಳಲ್ಲಿ ಕೆಲಸ ಕೊಟ್ಟಂತೆಯೂ ಆಗುತ್ತದೆ. ಸಮಯದ ಲೆಕ್ಕವನ್ನು ಮಾತ್ರ ಹಿಂದಿನಿಂದ ಹಾಕಬೇಕು. ಬಾಗಲಕೋಟೆಯ ಮೇ ತಿಂಗಳ ಬಿಸಿಲಿಗೆ ಎಳೆ ಟಿಶ್ಯೂ ಸಸಿ ನಿಲ್ಲುವುದಿಲ್ಲ, ಮೃಗಶಿರಾ ಮಳೆ ಬಿದ್ದು ಗಾಳಿ ತಣ್ಣಗಾದ ಮೇಲೆ ಜೂನಿನಲ್ಲೇ ಅದನ್ನು ಹೊರಗೆ ತರಬೇಕು. ಅದಕ್ಕೆ ಮೊದಲು ನೆರಳಿನಲ್ಲಿ ಒಗ್ಗಿಸಲು ಒಂದೂವರೆ ತಿಂಗಳು, ಸೀಸೆಯಲ್ಲಿ ಹೆಚ್ಚಿಸಲು ಆರೇಳು ತಿಂಗಳು ಬೇಕು. ಸಾಲದೆಂಬಂತೆ, ಕುಡಿ ತೆಗೆಯಲು ಮೊಳೆತ ಗಡ್ಡೆ ಸುಲಭವಾಗಿ ಸಿಗುವುದು ಬೇಸಿಗೆಯಲ್ಲಿ. ಅಂದರೆ ಒಂದು ಜೂನಿನ ಸಸಿಗೆ ಅದರ ಹಿಂದಿನ ಬೇಸಿಗೆಯಲ್ಲೇ, ಬೀಜದ ಗಡ್ಡೆಗಳು ಕಣ್ಣು ಬಿಡುವ ಹೊತ್ತಿಗೆ, ಪ್ರಯೋಗಾಲಯದ ಜೊತೆ ಮಾತು ಮುಗಿದು ಗಡ್ಡೆ ಅಲ್ಲಿಗೆ ತಲುಪಿರಬೇಕು.